ಗೋಧಿ ರವೆಯ ವಂಶ ಚರಿತ್ರೆ

ಅಡುಗೆಮನೆಯ ಡಬ್ಬಿಯಲ್ಲಿದ್ದ ಗೋಧಿ ರವೆಗೆ ತನ್ನ ವಂಶದ ಚರಿತ್ರೆ ಹೇಳುವ ಚಟ. "ಬೆಳಗಿನ ಬಿಸಿ ತಿಂಡಿಗೆಂದೇ ನಮ್ಮ ಹಿರಿಯರನ್ನು ಆರಿಸಿ ತೆಗೆದರು," ಎಂದು ಅದು ಹೊಸದಾಗಿ ಬಂದ ಓಟ್ಸಿನ ಮುಂದೆ ಕೊಚ್ಚಿಕೊಳ್ಳುತ್ತಿತ್ತು.

ಮೊಳೆಗೆ ತಗುಲಿಹಾಕಿದ್ದ ಹಳೆಯ ಜರಡಿ ಹೇಳಿತು: "ಆರಿಸಿದವಳು ನಾನೇ, ತಂಗಿ. ಹಿಟ್ಟೆಲ್ಲ ಕೆಳಗಿಳಿಯಿತು, ನಿಮ್ಮವರು ಮೇಲೆ ಉಳಿದರು. ಮನೆಯೊಡತಿ ಅವರನ್ನು ಮೊರದಲ್ಲಿ ಕರುವಿಗೆ ಹಿಡಿದಳು. ಅದು ಮೂಸಿ ಮುಖ ತಿರುಗಿಸಿತು. ಚೆಲ್ಲಲು ಮನಸ್ಸಾಗದೆ ಬಿಸಿನೀರಿಗೆ ಹಾಕಿ ಕೆದಕಿ, ಗಂಡನಿಗೆ ಬಡಿಸಿದಳು."

"ಅವನೇನಂದ?" ಎಂದಿತು ಓಟ್ಸು.

"ಅವನಿಗೆ ಕರುವಿನಷ್ಟು ಧೈರ್ಯವಿರಲಿಲ್ಲ."

ರವೆ ತಾನೇ ನಕ್ಕು, "ಓಟ್ಸಣ್ಣ, ಮೊದಲಿನಿಂದ ಹೇಳುತ್ತೇನೆ, ಕೇಳು," ಎಂದಿತು. "ಒಂದೂರಲ್ಲಿ ಒಂದು ಬುದ್ಧಿವಂತ ಕರು ಇತ್ತು."