ದ್ವೀಪದಲ್ಲಿ ಉಳಿದ ಶಿಷ್ಯ

ಗುರು ವಿಶ್ವಂಭರರು ಶಿಷ್ಯ ಪ್ರಣತನೊಂದಿಗೆ ಊರೂರು ಸುತ್ತುತ್ತ ದಕ್ಷಿಣದ ಕಡಲನ್ನು ಮುಟ್ಟಿದರು. ಅಷ್ಟರಲ್ಲಿ ಪ್ರಣತನ ಕಾಲಲ್ಲಿ ಬೊಬ್ಬೆ ಎದ್ದಿತ್ತು, ಮುಖದಲ್ಲಿ ಸಿಡುಕು ಕೂತಿತ್ತು.

"ಇವತ್ತು ನಡಿಗೆ ಬೇಡ," ಎಂದರು ಗುರುಗಳು. "ದೋಣಿಯಲ್ಲಿ ಕೂತು ದ್ವೀಪಗಳನ್ನು ನೋಡಿಕೊಂಡು ಬರೋಣ."

"ಯಾವ ಕ್ಷೇತ್ರಕ್ಕೆ, ಗುರುಗಳೇ?"

"ಯಾವುದಕ್ಕೂ ಇಲ್ಲ. ಸುಮ್ಮನೆ."

ಅಂಬಿಗ ತನಿಯಪ್ಪ ಹುಟ್ಟು ಹಾಕತೊಡಗಿದ. ತಳದ ಮರಳು ಕಾಣುವಷ್ಟು ನೀರು ತಿಳಿಯಾಗಿತ್ತು. ಗುರುಗಳು ಎಳನೀರು ಕುಡಿದರು. ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡು ತನಿಯಪ್ಪನ ಮಗಳ ಮದುವೆಯ ಕಥೆಯನ್ನೆಲ್ಲ ಕೇಳಿದರು. ಆಮೇಲೆ ಗೊರಕೆ ಹೊಡೆದರು.

ಪ್ರಣತ ಪದ್ಮಾಸನ ಹಾಕಿ ಕಣ್ಣು ಮುಚ್ಚಿದ. ದೋಣಿ ಹೊಯ್ದಾಡಿತು. ಉರುಳಿದ. ಮತ್ತೆ ಎದ್ದು ಕೂತ. ಗೊರಕೆ ಇನ್ನೂ ಜೋರಾಯಿತು.

ಒಂದು ಪುಟ್ಟ ದ್ವೀಪ ಹತ್ತಿರ ಬಂತು. ಬಿಳಿ ಮರಳು, ಬಾಗಿದ ತೆಂಗಿನ ಮರಗಳು, ಸಿಹಿನೀರಿನ ಬಾವಿ. ಜನರ ಸುಳಿವೇ ಇಲ್ಲ.

"ಗುರುಗಳೇ, ನಾನು ಇಲ್ಲಿ ಇಳಿಯುತ್ತೇನೆ."

ಗುರುಗಳು ಒಂದು ಕಣ್ಣು ತೆರೆದರು. "ಬಾಯಾರಿಕೆಯೇ?"

"ಅಲ್ಲ. ಇಲ್ಲೇ ಉಳಿದುಬಿಡುತ್ತೇನೆ. ಕ್ಷಮಿಸಿ, ನಿಮ್ಮ ಜೊತೆ ಇದ್ದು ನನಗೆ ಶಾಂತಿ ಸಿಗಲಿಲ್ಲ. ನೀವು ಕಂಡಕಂಡವರ ಹತ್ತಿರ ಮಾತಿಗೆ ಕೂರುತ್ತೀರಿ. ಹೊತ್ತಿಗೆ ಸರಿಯಾಗಿ ಏಳುವುದಿಲ್ಲ. ಇಲ್ಲಿ ನಾನೊಬ್ಬನೇ ಆಶ್ರಮ ಕಟ್ಟಿಕೊಂಡು ಮೌನದಲ್ಲಿರುತ್ತೇನೆ."

ಈಗ ಬೈಗುಳ ಬಂತು ಎಂದುಕೊಂಡು ತನಿಯಪ್ಪ ಹುಟ್ಟನ್ನು ಎತ್ತಿ ಹಿಡಿದು ಕುಳಿತ.

ಗುರುಗಳು ಬೈಯಲಿಲ್ಲ. ತಮ್ಮ ಕಂಬಳಿಯನ್ನೂ ಅವಲಕ್ಕಿಯ ಗಂಟನ್ನೂ ಶಿಷ್ಯನ ಕೈಗಿಟ್ಟರು.

"ಸಂಜೆ ಈ ಕಡೆಯಿಂದಲೇ ವಾಪಸು ಬರುತ್ತೇವೆ. ಕೈ ಬೀಸಿದರೆ ನಿಲ್ಲುತ್ತೇವೆ. ಬೀಸದಿದ್ದರೆ, ಒಳ್ಳೆಯದಾಗಲಿ ಮಗೂ."

ಆಮೇಲೆ ದೋಣಿಯಲ್ಲಿ ಗುರುಗಳಿಗೆ ನಿದ್ದೆ ಬರಲಿಲ್ಲ. ತನಿಯಪ್ಪ ಇನ್ನೊಂದು ಮದುವೆಯ ಕಥೆ ತೆಗೆದ. ಅವರು ಹೂಂಗುಟ್ಟುವುದನ್ನೂ ಮರೆತರು.

ಬಿಸಿಲು ಇಳಿಯುವ ಹೊತ್ತಿಗೆ ದೋಣಿ ತಿರುಗಿ ಬಂತು. ದಡದಲ್ಲಿ ಪ್ರಣತ ಎರಡೂ ಕೈ ಬೀಸುತ್ತಿದ್ದ.

"ಕರೆಯುತ್ತಿದ್ದಾನೆ ಸ್ವಾಮಿ!" ಎಂದ ತನಿಯಪ್ಪ.

ಗುರುಗಳು ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮನ್ನಲ್ಲ ಅನ್ನಿಸುತ್ತೆ."

ಮರಳಿನ ತುಂಬ ಆಶ್ರಮದ ನಕ್ಷೆಯ ಗೆರೆಗಳಿದ್ದವು. ಕಪ್ಪೆಚಿಪ್ಪು ಜೋಡಿಸಿದ ಚೌಕ ಧ್ಯಾನಕ್ಕೆ. ಅದರಾಚೆ ಅಡಿಗೆಮನೆ. ಅದರಾಚೆ, ಬರುವವರಿಗೊಂದು ಕೋಣೆ. ಎಲ್ಲ ಕಡೆಯೂ ಏಡಿಗಳು.

"ಹೊರಗೆ! ಇದು ಧ್ಯಾನದ ಜಾಗ ಅಂತ ಎಷ್ಟು ಸಲ ಹೇಳಬೇಕು ನಿಮಗೆ?" ಪ್ರಣತ ಕಿರುಚುತ್ತಿದ್ದ. ಗಂಟಲು ಕಟ್ಟಿತ್ತು.

ಗುರುಗಳು ದೋಣಿಯಿಂದ ಇಳಿದರು. "ಮೌನ ಹೇಗೆ ನಡೆದಿದೆ?"

"ಇವಕ್ಕೆ ಶಿಸ್ತೇ ಇಲ್ಲ, ಗುರುಗಳೇ! ನೇರ ಹೋಗಿ ಅಂದರೆ ಅಡ್ಡ ಹೋಗುತ್ತವೆ. ಗೆರೆ ದಾಟಬೇಡಿ ಅಂದರೆ ಗೆರೆಯ ಮೇಲೇ ಬಿಲ ತೋಡುತ್ತವೆ. ಕಣ್ಣು ಮುಚ್ಚಿದರೆ ತೊಡೆ ಹತ್ತುತ್ತವೆ. ಅವಲಕ್ಕಿಯೆಲ್ಲ ಖಾಲಿ!"

"ಹಾಗಾದರೆ ಹೊರಡು."

ಪ್ರಣತ ಕಂಬಳಿ ಕೊಡವಿದ. ದೋಣಿಯವರೆಗೆ ಬಂದ. ಅಲ್ಲಿ ನಿಂತುಬಿಟ್ಟ.

"ಆ ಚಿಕ್ಕ ಏಡಿಗೆ ಒಂದು ಕಾಲಿಲ್ಲ," ಎಂದ, ತಲೆ ತಗ್ಗಿಸಿ. "ಉಳಿದವು ಅದನ್ನು ತಳ್ಳಿ ಅದರ ಪಾಲನ್ನೂ ತಿನ್ನುತ್ತವೆ. ನಾನು ಹೋದರೆ ಅದಕ್ಕೆ ಯಾರು ಗತಿ?"

ಗುರುಗಳು ಆ ಏಡಿಯನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು.

"ನಗಬೇಡಿ ಗುರುಗಳೇ. ಇಂಥವನ್ನು ಬಿಡುವುದಕ್ಕೂ ಆಗುವುದಿಲ್ಲ, ಕಟ್ಟಿಕೊಂಡು ಏಗುವುದಕ್ಕೂ ಆಗುವುದಿಲ್ಲ. ನನ್ನ ಕಷ್ಟ ನಿಮಗೇನು ಗೊತ್ತು?"

"ನೀನು ಪುಣ್ಯವಂತ ಮಾರಾಯ," ಎಂದರು ಗುರುಗಳು. "ನಿನ್ನವು ಮಾತಾಡುವುದಿಲ್ಲ."