ಒಣಗದ ಪಟ್ಟಿ

ನದಿ ತನ್ನ ಹೆಸರು ಬಿಟ್ಟು ಕಡಲು ಸೇರುವ ಅಳಿವೆಯ ದಡದಲ್ಲಿ ಬೊಮ್ಮಯ್ಯ ಗುರುಗಳ ಗುಡಿಸಲಿತ್ತು. ಬೆಳಗಿನ ಪೂಜೆ ಮುಗಿದ ಮೇಲೆ ಅವರು ಹಾಯಿದೋಣಿಯ ವಿದ್ಯೆ ಹೇಳಿಕೊಡುತ್ತಿದ್ದರು.

ಅವರದು ಅವಳಿ ದೋಣಿ. ಎರಡು ಸಪೂರ ದೋಣಿಗಳನ್ನು ಜೋಡಿಸಿ ನಡುವೆ ಹಾಯಿ ಕಟ್ಟುವ ಕೂವೆಮರ ನಿಲ್ಲಿಸಿದ್ದರು. ಗಾಳಿ ಜೋರಾದರೆ ಒಂದು ಮಗ್ಗುಲು ಮೇಲೇಳುತ್ತದೆ. ಆಗ ಶಿಷ್ಯ ಸೊಂಟದ ಪಟ್ಟಿಯ ಕೊಕ್ಕೆಗೆ, ಮರದ ತುದಿಯಿಂದ ಎರಡೂ ಮಗ್ಗುಲಿಗೆ ಇಳಿದ ತಂತಿಗಳಲ್ಲಿ ಆ ಕಡೆಯದರ ಬಳೆ ಸಿಕ್ಕಿಸಿ, ಅಂಚಿನಲ್ಲಿ ಕಾಲೂರಿ ನೀರಿನ ಮೇಲೆ ಮೈಚಾಚಿ ತೂಗಬೇಕು. ಅವನ ಭಾರವೇ ದೋಣಿಯನ್ನು ಹಿಡಿದು ನಿಲ್ಲಿಸುವುದು.

ಸುಬ್ರಾಯ ಬಂದದ್ದು ವಿದ್ಯೆಗೆ ಮಾತ್ರವಲ್ಲ. ಹನ್ನೊಂದು ವರ್ಷದ ಹಿಂದೆ ಅವನ ಅಣ್ಣ ಗಣಪ ಇಲ್ಲಿಯೇ ಶಿಷ್ಯನಾಗಿದ್ದ. ಅಳಿವೆಯಾಚೆ ದೋಣಿ ಮಗುಚಿ ತೀರಿಕೊಂಡ. ಅವನ ಪಟ್ಟಿಯೊಂದನ್ನಾದರೂ ಮನೆಗೆ ತಾ ಎಂದು ತಾಯಿ ಹೇಳಿ ಕಳಿಸಿದ್ದಳು.

ಗೋಡೆಯ ಮೇಲೆ ಏಳು ಪಟ್ಟಿಗಳು ತೂಗುತ್ತಿದ್ದವು. ಗಣಪನ ಹೆಸರಿದ್ದ ಕೊನೆಯದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದು ಅಣ್ಣನದಲ್ಲವೇ?"

"ಹೌದು."

"ಒದ್ದೆಯಾಗಿದೆಯಲ್ಲ ಗುರುಗಳೇ! ಯಾವಾಗ ಒದ್ದೆಯಾಯಿತು?"

"ಹನ್ನೊಂದು ವರ್ಷವಾಯಿತು."

ಸುಬ್ರಾಯ ತೊಟ್ಟಿಕ್ಕುವ ನೀರಿಗೆ ಬೆರಳೊಡ್ಡಿ ನೋಡಿದ. "ಆಯಿ ಕೇಳಿದ್ದಾಳೆ," ಎಂದ.

"ಒದ್ದೆಯದನ್ನು ಹೇಗೆ ಕಳಿಸಲಿ? ಮೊದಲು ನಿನಗೊಂದು ಆರಿಸಿಕೋ."

ಸುಬ್ರಾಯ ಎಲ್ಲಕ್ಕಿಂತ ಅಗಲವಾದ, ಮೆತ್ತಗಿನದನ್ನು ಹಾಕಿಕೊಂಡ. ಗುರುಗಳು ಅದರ ಕೊಕ್ಕೆ ಹಿಡಿದು ಮೇಲಕ್ಕೆತ್ತಿದರು. ಪಟ್ಟಿ ಕಂಕುಳ ದಾಟಿ ಕಿವಿಯವರೆಗೆ ಬಂತು.

"ಚೆನ್ನಾಗಿದೆ. ಪಟ್ಟಿ ದಡ ಸೇರುತ್ತದೆ, ನೀನು ಮೀನಿಗೆ."

ಎರಡನೆಯದು ಸೊಂಟಕ್ಕೆ ಅಚ್ಚುಕಟ್ಟಾಗಿ ಕೂತಿತು. ಆದರೆ ದಡದಲ್ಲಿದ್ದ ದೋಣಿ ಹತ್ತಿ ಬಳೆ ಸಿಕ್ಕಿಸಿದಾಗ, ತಂತಿ ಸ್ವಲ್ಪ ಸಡಿಲವಾದರೆ ಸಾಕು, ಬಳೆ ಕೊಕ್ಕೆಯಿಂದ ಕಳಚಿ ಬೀಳುತ್ತಿತ್ತು.

"ಇದು ನಿಲ್ಲುವುದೇ ಇಲ್ಲವಲ್ಲ!"

"ಭಾರ ಹಾಕಿದರೆ ನಿಲ್ಲುತ್ತದೆ. ಭಾರ ತೆಗೆದರೆ ಬಿಡುತ್ತದೆ. ಕಣ್ಣುಮುಚ್ಚಿ, ಒಂದೇ ಕೈಯಲ್ಲಿ ನೂರು ಸಲ ಬಿಚ್ಚು."

ಸುಬ್ರಾಯ ಹತ್ತು ಸಲ ಬಿಚ್ಚಿದ. ಆಮೇಲೆ ಜಾರಿ ಬೀಳುವ ಹೆದರಿಕೆಯಿಂದ, ಗುರುಗಳು ಅತ್ತ ತಿರುಗಿದಾಗ, ಬಲೆಯ ದಾರದಿಂದ ಬಳೆಯನ್ನೂ ಕೊಕ್ಕೆಯನ್ನೂ ಸೇರಿಸಿ ಗಂಟು ಹಾಕಿ, ಮೇಲೆ ಅಂಗಿ ಎಳೆದುಕೊಂಡ.

ಗುರುಗಳು ದೋಣಿಯನ್ನು ನೀರಿಗೆ ತಳ್ಳಿ ಹತ್ತಿದರು.

"ಗಂಟೇನೂ ಹಾಕಿಲ್ಲ ತಾನೇ?" ಗುರುಗಳು ಕೇಳಿದರು.

"ಛೇ, ಇಲ್ಲ ಗುರುಗಳೇ."

"ನಿನ್ನಣ್ಣನೂ ಹೀಗೇ 'ಛೇ' ಅಂದಿದ್ದ."

ಗಾಳಿ ತುಂಬಿತು. ಸುಬ್ರಾಯ ಅಂಚಿನಲ್ಲಿ ನಿಂತು ಮೈಚಾಚಿದ. ಹಕ್ಕಿಯಾದಂತೆ ಹಿಗ್ಗಿದ.

ಆಗ ಆಚೆ ಮಗ್ಗುಲಿನ ತಂತಿ ಕಣ್ಣಿಗೆ ಬಿತ್ತು. ಅಲ್ಲಿ ಯಾರೂ ಇರಲಿಲ್ಲ, ತಂತಿ ಸಡಿಲವಾಗಿ ಜೋತಾಡಬೇಕಿತ್ತು. ಆದರೆ ಅದು ನೆಟ್ಟಗೆ ಬಿಗಿದುಕೊಂಡು ನೀರಿನೊಳಗೆ ಇಳಿದಿತ್ತು.

"ಗುರುಗಳೇ, ಆಚೆ ಯಾರ ಭಾರ?"

"ದಿನಾ ಇರುತ್ತದೆ," ಎಂದರು ಗುರುಗಳು. "ಗಂಟು ಬಿಚ್ಚಲಾಗದೆ ನಿನ್ನಣ್ಣ ತೀರಿಕೊಂಡ ವರ್ಷದಿಂದ, ಬಿಚ್ಚಿಕೊಳ್ಳುವುದು ಕಲಿಯಲೆಂದು, ಹೊಸ ಶಿಷ್ಯರನ್ನೆಲ್ಲ ಮೊದಲ ದಿನವೇ ಇಲ್ಲಿ, ಅಳಿವೆಯೊಳಗೇ ಮಗುಚುತ್ತೇನೆ."

"ಬೇಡ, ನಿಲ್ಲಿ..."

ಅಷ್ಟರಲ್ಲಿ ಚುಕ್ಕಾಣಿ ತಿರುಗಿತ್ತು. ಹಾಯಿ ಈಚೆಗೆ ಬಡಿದು, ಮರದ ಸಮೇತ ಅವನ ಮೇಲೆ ಕವಿಯಿತು.

ಕೆಳಗೆ ಹಸಿರು ಕತ್ತಲೆ. ಸುಬ್ರಾಯ ಕೊಕ್ಕೆ ತಡಕಿದ. ನೆನೆದ ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬಂತು, ಗಂಟು ಬರಲಿಲ್ಲ. ಎದೆಯೊಳಗಿನ ಗಾಳಿ ಮುಗಿಯುತ್ತಾ ಬಂತು. ದೇವರ ಹೆಸರೂ ನೆನಪಾಗಲಿಲ್ಲ.

ಆಗ ಅವನ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು. ತಣ್ಣಗಿತ್ತು. ಅವಸರವಿಲ್ಲದೆ ಅವನ ಬೆರಳುಗಳನ್ನು ಒಂದೊಂದಾಗಿ ಸರಿಸಿ, ಗಂಟಿನ ಎಳೆ ಹುಡುಕಿತು. ಅದರ ಹೆಬ್ಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಆ ಬೆರಳು ಹಿಡಿದೇ ಸುಬ್ರಾಯ ನಡೆಯಲು ಕಲಿತದ್ದು.

ಬಳೆ ಕಳಚಿತು. ಅವನು ಮೇಲೆ ಬಂದ.

ಗುರುಗಳು ಬಿಚ್ಚಿದ ಚೂರಿ ಹಿಡಿದು ಮಗುಚಿದ ದೋಣಿಯನ್ನು ಸುತ್ತಿ ಈಜಿಕೊಂಡು ಬರುತ್ತಿದ್ದರು.

"ನೀವು ಬಿಚ್ಚಿದಿರಾ?" ಸುಬ್ರಾಯ ಏದುಸಿರಿನಲ್ಲಿ ಕೇಳಿದ.

"ನಾನು ಇನ್ನೂ ನಿನ್ನ ಹತ್ತಿರ ಬಂದೇ ಇಲ್ಲ."

ಇಬ್ಬರೂ ಸೇರಿ ದೋಣಿಯನ್ನು ನೆಟ್ಟಗೆ ಮಾಡಿದರು. ಆಚೆ ಮಗ್ಗುಲಿನ ತಂತಿ ಗಾಳಿಗೆ ಸಡಿಲವಾಗಿ ಜೋತಾಡುತ್ತಿತ್ತು.

ಗುಡಿಸಲಿಗೆ ಬಂದಾಗ ಗೋಡೆಯ ಕೆಳಗಿನ ನೆಲ ಆರಿತ್ತು. ಗುರುಗಳು ಕೊನೆಯ ಪಟ್ಟಿಯನ್ನು ಮುಟ್ಟಿ ನೋಡಿದರು. ಬಿಸಿಲಿಗೆ ಹಾಕಿದ ಹಪ್ಪಳದಂತೆ ಗರಿಗರಿಯಾಗಿತ್ತು. ಅದನ್ನು ಮೊಳೆಯಿಂದ ಇಳಿಸಿ, ಎರಡು ಮಡಿಕೆ ಮಾಡಿ, ಕಣ್ಣಿಗೊತ್ತಿಕೊಂಡು ಸುಬ್ರಾಯನ ಕೈಗಿತ್ತರು.

"ಆಯಿಗೆ ಏನು ಹೇಳಲಿ ಗುರುಗಳೇ?"

"ಗಂಟು ಬಿಚ್ಚಿತು ಅಂತ ಹೇಳು. ಯಾರು ಬಿಚ್ಚಿದರು ಅನ್ನುವುದನ್ನು, ಅವಳಾಗಿ ಕೇಳಿದರೆ ಮಾತ್ರ ಹೇಳು."