ಬಿಲ್ಲರಸನ ಗೋಡೆಯೂ ಹಗ್ಗ ಹಿಡಿದ ಮಂಕಾಳುವೂ

“ಕೇಳಿರಿ, ಅಳಿವೆಪಟ್ಟಣದ ಸಮಸ್ತರೇ! ಬಿಲ್ಲರಸರ ಅಪ್ಪಣೆ! ಮಹಾರಾಣಿಯವರನ್ನು ಒಯ್ದ ನೀರು ಇನ್ನು ಯಾರನ್ನೂ ಒಯ್ಯಬಾರದು. ರಾಜಕುಮಾರಿ ಹೊನ್ನಲದೇವಿಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಊರು ಕಾಯುವ ಅಧಿಕಾರ. ತಪ್ಪಿದವನಿಗೆ ಹುಟ್ಟಿಲ್ಲದ ದೋಣಿ!”

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಹೇಳಿ ಮುಂದಿನ ಕೇರಿಗೆ ಓಡಿದ. ಆ ಊರಿನಲ್ಲಿ ರಕ್ತ ಸುರಿಸುವುದು ಮೈಲಿಗೆ. ಹಾಗಾಗಿ ಸಾಯಬೇಕಾದವನನ್ನು ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ, ಹೊಳೆ ಕಡಲು ಸೇರುವ ಅಳಿವೆಯಾಚೆ ಎಳೆದೊಯ್ದು, ಹಗ್ಗ ಬಿಚ್ಚಿ ಬರುತ್ತಿದ್ದರು. ಕೊಂದದ್ದು ಕಡಲು, ಅರಮನೆಯ ಕೈ ಶುದ್ಧ! ಎಳೆದೊಯ್ಯುವ ಕೆಲಸ ಮಂಕಾಳು ಎಂಬ ತರುಣನ ತಲೆಗೆ ಬಿದ್ದಿತ್ತು. ಅವನು ಊರಿಗೂ ಕಡಲಿಗೂ ನಡುವೆ ಬಿಲ್ಲರಸ ಕಟ್ಟಿಸಿದ್ದ ಗೋಡೆಯ ಹೊರಗಿನ ಗುಡಿಸಲಿನಲ್ಲಿದ್ದು ಚಿಪ್ಪಿ ಹೆಕ್ಕಿ ಬದುಕುವವನು. ಅಳಿವೆಯ ಸುಳಿ ಬಲ್ಲವನೆಂದು ಹಿಡಿದು ತಂದಿದ್ದರು. ಒಲ್ಲೆ ಎನ್ನಲು ಅವನಿಗೆ ಧೈರ್ಯವಿರಲಿಲ್ಲ.

ಮೊದಲು ಬಂದವನು ನೆರೆಯ ದೊರೆ. ಮಂಕಾಳು ಸಭೆಯ ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದ. ಹೊನ್ನಲದೇವಿ ಕೇಳಿದಳು: “ಈ ಊರಿಗೆ ಒಂದು ಗೋಡೆಯಿತ್ತು. ಕಟ್ಟಿದವರಿಲ್ಲ. ಅದರ ಮೈತುಂಬ ಕಂಡಿ. ಆದರೂ ಅದರೊಳಗೆ ಹೊಕ್ಕ ಅಲೆ ದಣಿದು ಕೂರುತ್ತಿತ್ತು. ಅದು ಯಾವುದು?”

“ನನ್ನ ಸೈನ್ಯ!” ಎಂದು ದೊರೆ ಮೀಸೆ ತಿರುವಿದ. ಸಂಜೆಯೊಳಗೆ ಅವನ ದೋಣಿ ಕಡಲಿನಲ್ಲಿ ಚುಕ್ಕೆಯಾಗಿತ್ತು. ಆಮೇಲೆ ಬಂದ ಶಿಲ್ಪಿ “ಕಬ್ಬಿಣದ ಬಲೆ” ಎಂದ. ಅವನೂ ಹೋದ.

ಮೂರನೆಯವನು ಘಟ್ಟದ ಮೇಲಿನ ರಾಜಕುಮಾರ ಚೆನ್ನಿಗ. ಇನ್ನೂ ಮೀಸೆ ಸರಿಯಾಗಿ ಮೂಡಿರದ ಹುಡುಗ. ಬಹಳ ಹೊತ್ತು ಯೋಚಿಸಿ “ಮಂಜು” ಎಂದ. ಅವನನ್ನು ಅಳಿವೆಯಾಚೆ ಎಳೆದೊಯ್ಯುವಾಗ ಹಿಂದಿನ ದೋಣಿಯಲ್ಲಿ ಕಾವಲಿನವರು ಈಟಿ ಹಿಡಿದು ಬರುತ್ತಿದ್ದರು. ಮಂಕಾಳು ಹಗ್ಗ ಬಿಚ್ಚಲು ಬಾಗಿದಾಗ ಹುಡುಗ ಕೇಳಿದ:

“ಅಣ್ಣಾ, ಉತ್ತರ ನಿನಗೇನಾದರೂ ಗೊತ್ತಾ? ಸುಮ್ಮನೆ ಕೇಳ್ತಿದ್ದೀನಿ.”

“ಕಾಂಡ್ಲಾ ಗಿಡ,” ಎಂದ ಮಂಕಾಳು.

“ಅಷ್ಟೇನಾ? ಮೊದಲೇ ಹೇಳಬಾರದಿತ್ತಾ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಂಕಾಳು ತಡೆದುಕೊಳ್ಳುತ್ತಿದ್ದನೇನೋ. ಅಂದು ರಾತ್ರಿ ಅವನು ಗಂಜಿ ಮುಟ್ಟಲಿಲ್ಲ. ಇನ್ನೊಬ್ಬನನ್ನು ಎಳೆಯುವುದಕ್ಕಿಂತ ತಾನೇ ಆ ದೋಣಿಯಲ್ಲಿ ಕೂರುವುದು ವಾಸಿ ಎನ್ನಿಸಿತು. ಮರುದಿನ ಹಗ್ಗವನ್ನು ಬಾಗಿಲಲ್ಲೇ ಇಟ್ಟು ಸಭೆಯ ನಡುವೆ ಬಂದು ನಿಂತ. ಮಂತ್ರಿಗಳು ಮೂಗು ಮುಚ್ಚಿಕೊಂಡರು. ಮೈಯೆಲ್ಲ ಕೆಸರಿನ ವಾಸನೆ, ಪಾಪ!

“ಮೊದಲ್ನೇದು ಕಾಂಡ್ಲಾ, ತಾಯೀ. ಉಪ್ಪು ನೀರಲ್ಲೇ ಬೆಳೀತದೆ. ಬೇರೆಲ್ಲ ಕಾಲಿನ ಹಾಂಗೆ ಹೊರಗೇ ಇರ್ತದೆ. ಅದರ ನಡುವೆ ಬಂದ ಅಲೆಗೆ ಸೊಕ್ಕು ಉಳಿಯೂದಿಲ್ಲ. ಅರಮನೆ ಉಪ್ಪರಿಗೆಯಿಂದ ಕಡಲು ಕಾಣೂದಿಲ್ಲ ಅಂತ ಕಡಿಸಿದ್ರು.”

ರಾಜಕುಮಾರಿ ತಲೆದೂಗಿದಳು. “ಊರಿಗೆ ಒಬ್ಬ ಹೊಟ್ಟೆಬಾಕ ಆಳು ಇದ್ದ. ಹೊಳೆ ಉಕ್ಕಿದರೆ ಅಷ್ಟನ್ನೂ ಕುಡಿದು ಮಲಗುತ್ತಿದ್ದ. ಎದ್ದು ಊರಿಗೆ ಅನ್ನವನ್ನೂ ಮೀನನ್ನೂ ಕೊಡುತ್ತಿದ್ದ. ಅವನು ಯಾರು?”

“ಹೊಳೆ ಬದಿಯ ಗಜನಿ ಗದ್ದೆ. ತಗ್ಗಿನ ಭೂಮಿ, ನೆರೆ ಬಂದ್ರೆ ಅಲ್ಲೇ ಹರಡಿ ನಿಲ್ತಿತ್ತು. ಈಗ ಅಲ್ಲಿ ಮಣ್ಣು ತುಂಬಿ ಕುದುರೆ ಲಾಯ ಕಟ್ಟಿದ್ದಾರೆ.”

ಬಿಲ್ಲರಸ ಸಿಂಹಾಸನದಲ್ಲಿ ಮಿಸುಕಾಡಿದ. ಹೊನ್ನಲದೇವಿ ಅವನತ್ತ ನೋಡದೆ ಮೂರನೆಯ ಒಗಟು ಕೇಳಿದಳು:

“ಹಗೆ ಹೊರಗಿದ್ದ. ಕೋಟೆಯ ಬಾಗಿಲು ಹಾಕಿತ್ತು. ಗೋಡೆಯ ಒಂದು ಕಲ್ಲೂ ಜಾರಲಿಲ್ಲ. ಆದರೂ ನನ್ನ ಅಮ್ಮ ಒಳಗೇ ಮುಳುಗಿದಳು. ಅವಳನ್ನು ಕೊಂದವರು ಯಾರು?”

ಮಂಕಾಳು ಅರಸನನ್ನು ನೋಡಿದ.

“ಗೋಡೆ, ಒಡೆಯಾ. ಕಡಲನ್ನ ತಡೀಲಿಕ್ಕೆ ಅಂತ ನೀವು ಕಟ್ಟಿಸಿದ್ದು. ಅವತ್ತು ಕಡಲು ಒಳಗೆ ಬರ್ಲೇ ಇಲ್ಲ. ಬಂದದ್ದು ಹಿಂದಿನಿಂದ ಹೊಳೆ. ಕುಡಿಯೋ ಗದ್ದೆ ಇರ್ಲಿಲ್ಲ, ಹೊರಗೆ ಹೋಗೋಕೆ ಗೋಡೆ ಬಿಡ್ಲಿಲ್ಲ. ನಾನು ಹೊರಗಿದ್ದೆ. ಒಳಗಿನಿಂದ ಜನ ಗೋಡೆ ಬಡಿಯೂದು ಕೇಳ್ತಾ ಇತ್ತು.”

“ಎಳೆದೊಯ್ಯಿರಿ ಇವನನ್ನು!” ಬಿಲ್ಲರಸ ಕೂಗಿದ.

“ಅಪ್ಪಾಜಿ, ಅವನ ಉತ್ತರ ಸರಿ,” ಎಂದಳು ಹೊನ್ನಲದೇವಿ. “ನನಗೂ ಇದು ಗೊತ್ತಿತ್ತು. ನಿಮಗೆ ಹೇಳಲು ಬಾಯಿ ಬರಲಿಲ್ಲ. ಬೇರೆಯವರ ಬಾಯಲ್ಲಿ ಹೇಳಿಸಲು ಹೋಗಿ ಮೂವರನ್ನು ಕೊಂದೆ.”

ಅರಸ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, “ಯಾವ ಅರ್ಧ ಬೇಕು, ಕೇಳಪ್ಪ,” ಎಂದ.

“ಭರತ ಬಂದು ಕಡಲು ಉಕ್ಕಿದಾಗ ಮುಳುಗಿ, ಇಳಿದಾಗ ಮೇಲೇಳೋ ಅರ್ಧ ಕೊಡಿ. ಅಲ್ಲಿ ಯಾರೂ ಮನೆ ಕಟ್ಟೂದು ಬೇಡ. ಹೊಳೆ ಹೋಗೋ ದಾರಿಯಲ್ಲಿ ಗೋಡೆ ಒಡೆಸಿ.”

ಅರಸ ಗೋಡೆ ಒಡೆಸಿದ, ಲಾಯದ ಮಣ್ಣು ಗದ್ದೆಯಿಂದ ಹೊರಬಿತ್ತು. ಮುಂದಿನ ಮಳೆಗಾಲದಲ್ಲಿ ಹೊಳೆ ಮತ್ತೆ ಉಕ್ಕಿತು. ತಗ್ಗಿನ ಕೇರಿಯ ಮನೆಗಳಿಗೆ ನೀರು ನುಗ್ಗಿತು, ದನ ಕೊಚ್ಚಿಹೋದವು, ಆದರೆ ಜನ ಸಾಯಲಿಲ್ಲ. ಕಡಲಿನ ಕಡೆ ಮಾತ್ರ ಭಯ ಹಾಗೇ ಇತ್ತು. ಅಲ್ಲಿ ಮಂಕಾಳು ಕಾಂಡ್ಲಾದ ಉದ್ದನೆಯ ಬೀಜಗಳನ್ನು ಕೆಸರಿಗೆ ಊರುತ್ತಿದ್ದ.

ಒಂದು ದಿನ ಘಟ್ಟದ ಮೇಲಿನಿಂದ ಒಬ್ಬ ಹೆಂಗಸು ಬಂದು ದಂಡೆಯಲ್ಲಿ ನಿಂತಳು.

“ನಾನು ಚೆನ್ನಿಗನ ತಾಯಿ. ಕಾವಲಿನವರಿಂದ ಕೇಳಿದೆ. ಅವನಿಗೆ ಉತ್ತರ ಹೇಳಿದವನು ನೀನೇನಾ?”

“ಹೌದು, ಅಮ್ಮಾ. ಹಗ್ಗ ಬಿಚ್ಚೋ ಹೊತ್ತಿಗೆ ಹೇಳ್ದೆ.”

“ಅದಕ್ಕೆ ನಿನ್ನನ್ನ ಕ್ಷಮಿಸಲ್ಲ.”

“ಬೇಡ, ಅಮ್ಮಾ.”

ಆಕೆ ಮೊಣಕಾಲೆತ್ತರದ ಸಸಿಗಳನ್ನು ನೋಡಿದಳು. “ಇವು ಅಲೆ ತಡೆಯೋದು ಯಾವಾಗ?”

ಮಂಕಾಳು ತಲೆ ತಗ್ಗಿಸಿದ. “ನಿಮ್ಮ ಮಗನಷ್ಟು ವಯಸ್ಸಾಗ್ಬೇಕು.”

ಆಕೆ ಸೀರೆ ಎತ್ತಿ ಕಟ್ಟಿ, ಕೆಸರಿಗಿಳಿದು, ಬೀಜಕ್ಕಾಗಿ ಅವನತ್ತ ಕೈ ಚಾಚಿದಳು.